ನಾನು ನುಣುಪು ಮಾಡಿದ ಮುಖ

ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಪುಟ್ಟ ಪ್ಯಾಟರ್ನ್ ಶಾಪ್ ಇದೆ. ಪ್ಯಾಟರ್ನ್ ಅಂದರೇನು ಎಂದು ನೆಂಟರಿಗೆ ಇವತ್ತಿಗೂ ಬಿಡಿಸಿ ಹೇಳಬೇಕಾಗುತ್ತದೆ. ಪಂಪು, ಮೋಟರಿನ ಮುಚ್ಚಳ, ಗೇರ್ ಬಾಕ್ಸಿನ ಕವಚ, ಇಂಥದ್ದನ್ನೆಲ್ಲ ಕಬ್ಬಿಣದಲ್ಲಿ ಎರಕ ಹೊಯ್ಯುವ ಮೊದಲು ಯಾರಾದರೂ ಮರದಲ್ಲಿ ಮಾಡಿಕೊಡಬೇಕು. ಆ ಮರದ ಪ್ಯಾಟರ್ನನ್ನು ಫೌಂಡ್ರಿಯವರು ಮರಳಿನಲ್ಲಿ ಒತ್ತಿ, ಮೇಲೆತ್ತಿ, ಉಳಿದ ಹಳ್ಳಕ್ಕೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಮರದ ಮೇಲೆ ಒಂದು ಗೀರಿದ್ದರೆ ಕಬ್ಬಿಣದ ಮೇಲೂ ಅದು ಮೂಡುತ್ತದೆ. ಹಾಗಾಗಿ ಗೀರು ಕಂಡಲ್ಲಿ ಲಪ್ಪ, ಅಂದರೆ ಪುಟ್ಟಿ, ಮೆತ್ತಿ ಮುಚ್ಚಬೇಕು, ಒಣಗಿದ ಮೇಲೆ ಉಜ್ಜಬೇಕು, ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರೂ ಎಲ್ಲೂ ತಡೆಯಬಾರದು. ಬಿನ್ನಿಪೇಟೆಯ ಮಿಲ್ಲಿನಲ್ಲಿ ಮರಗೆಲಸಕ್ಕಿದ್ದ ನಮ್ಮಪ್ಪ ನನಗೆ ಕಲಿಸಿದ ಮೊದಲ ಪಾಠ ಅದು. ಮೂವತ್ತೈದು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದೇನೆ.

ಮನೆ ಶ್ರೀಗಂಧದ ಕಾವಲಿನಲ್ಲಿ. ಕೆಳಗೆ ನಾನು, ಹೆಂಡತಿ, ನನ್ನ ತಾಯಿ. ಮೇಲೆ ಒಂದು ರೂಮು, ಅಡುಗೆಮನೆ, ಅದರ ಮೇಲೆ ಟೆರೇಸು. ಮೂರು ವರ್ಷದ ಹಿಂದೆ ಮೇಲಿನ ಮನೆ ಖಾಲಿಯಾದಾಗ ಬ್ರೋಕರ್ ಫೋನ್ ಮಾಡಿ, "ಸಾರ್, ಒಬ್ರು ಲೇಡಿ ಇದಾರೆ, ಕೆಂಗೇರಿ ಕಡೆ ಕಾಲೇಜಲ್ಲಿ ನರ್ಸಿಂಗ್ ಎಂ.ಎಸ್ಸಿ. ಓದ್ತಾರೆ. ಆದ್ರೆ ಆಫ್ರಿಕಾದವ್ರು. ನಿಮ್ಗೆ ಪರ್ವಾಗಿಲ್ವಾ?" ಎಂದ. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಬೇರೆ ಯಾರ ಬಗ್ಗೆ ಕೇಳಿದ್ದರೂ ಅಷ್ಟು ಯೋಚಿಸುತ್ತಿರಲಿಲ್ಲ. ಪಕ್ಕದ ಮನೆಯವರೂ ಕಾಂಪೌಂಡಿನ ಮೇಲಿಂದ ಬಗ್ಗಿ, "ನೋಡ್ಕೊಂಡು ಕೊಡಿ" ಎಂದರು. ಕೊನೆಗೆ ತೀರ್ಮಾನ ಮಾಡಿದ್ದು ನನ್ನ ತಾಯಿ. ಮನೆ ನೋಡಲು ಬಂದ ಆಕೆ ಗೇಟಿನ ಹೊರಗೇ ಚಪ್ಪಲಿ ಬಿಟ್ಟು, ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮನ ಊದಿದ ಪಾದಗಳನ್ನು ಕಂಡು, ಕೆಳಗೆ ಕೂತು ಹೆಬ್ಬೆರಳಿಂದ ಒತ್ತಿ ನೋಡಿದಳು. "ಅಜ್ಜಿ, ಸಾಲ್ಟ್ ಕಮ್ಮಿ" ಎಂದಳು. ಅಷ್ಟೇ ಕನ್ನಡ ಆಗ ಅವಳಿಗೆ ಬರುತ್ತಿದ್ದದ್ದು. ಅಮ್ಮ ನನ್ನ ಕಡೆ ತಿರುಗಿ, "ಡಾಕ್ಟ್ರು ಮೇಲೇ ಇರ್ತಾರೆ ಅಂದ್ರೆ ಬೇಡ ಅಂತೀಯೇನೋ?" ಎಂದರು.

ಊರು ಅಂಗೋಲಾ. ವಯಸ್ಸು ಮೂವತ್ತರ ಮೇಲೆ. ಅಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಮುಂದೆ ಓದಲೆಂದು ಇಲ್ಲಿಗೆ ಬಂದವಳು. ಆರು ತಿಂಗಳಲ್ಲಿ ನನ್ನ ಹೆಂಡತಿಗೆ 'ಆಂಟಿ, ಒಗ್ಗರಣೆ ವಾಸ್ನೆ ಮೇಲ್ಗಂಟ ಬಂತು' ಎನ್ನುವಷ್ಟು ಕನ್ನಡ ಕಲಿತಳು. ವಾರಕ್ಕೊಮ್ಮೆ ಅಮ್ಮನ ಬಿ.ಪಿ. ನೋಡುತ್ತಿದ್ದಳು. ಮೇಲೆ ಬೊಂಬೆಯೊಂದಿದೆ ಎಂದು ಮೊದಲು ಹೇಳಿದ್ದು ನನ್ನ ಹೆಂಡತಿ. "ಕಿಟಕಿ ಪಕ್ಕದ ಶೆಲ್ಫಲ್ಲಿ ಇಟ್ಕೊಂಡಿದಾಳೆ ಕಣ್ರೀ. ಕಪ್ಪಗೆ, ಒಂದು ಮೊಳ ಇರ್ಬೇಕು. ಅದ್ರ ಹತ್ರ ಮಾತಾಡ್ತಾಳೆ." ನಾವು ದೇವರ ಹತ್ತಿರ ಮಾತಾಡುವುದಿಲ್ಲವೇ ಎಂದುಕೊಂಡೆ.

ಎರಡನೆಯ ವರ್ಷದ ಮಳೆಗಾಲದಲ್ಲಿ ಟೆರೇಸಿನ ನೀರು ಜಿನುಗಿ ಮೇಲಿನ ರೂಮಿನ ಗೋಡೆ ಉಬ್ಬಿತು. ಮಳೆ ನಿಂತ ಮೇಲೆ ನಾನೇ ಪೇಂಟಿಂಗಿನವರನ್ನು ಕರೆಸಿದೆ. ಅವಳು ಕಾಲೇಜಿಗೆ ಹೋಗಿದ್ದ ಹೊತ್ತಿನಲ್ಲಿ ಅವರು ಸಾಮಾನು ಸರಿಸುವಾಗ ಶೆಲ್ಫು ವಾಲಿ, ಬೊಂಬೆ ನೆಲಕ್ಕೆ ಬಿತ್ತು. ಸದ್ದು ಕೇಳಿ ನಾನು ಮೇಲೆ ಹೋದಾಗ ಅದು ಮಗ್ಗುಲಾಗಿ ಬಿದ್ದಿತ್ತು. ಎಡಗೈ ಮೊಣಕೈವರೆಗೆ ಮುರಿದು ಮಂಚದ ಕೆಳಗೆ ಹೋಗಿತ್ತು.

ಅವತ್ತೇ ನಾನು ಅದನ್ನು ಹತ್ತಿರದಿಂದ ನೋಡಿದ್ದು. ನಿಂತ ಹೆಂಗಸು. ಮಂಡಿ ತುಸು ಬಗ್ಗಿದೆ, ಕೈ ಎರಡೂ ಹೊಟ್ಟೆಯ ಮೇಲೆ. ಅಂಗೈ, ಅಂಗಾಲು ಮೈಯ ಅಳತೆಗೆ ದೊಡ್ಡವು. ತಲೆಗೂದಲನ್ನು ಎಳೆ ಎಳೆಯಾಗಿ ಕೊರೆದು ಹಿಂದಕ್ಕೆ ಬಾಚಿದಂತೆ ಮಾಡಿದ್ದಾರೆ. ಕಣ್ಣು ಅರ್ಧ ಮುಚ್ಚಿದೆ. ಒಂದೇ ತುಂಡು ಮರ, ಎಲ್ಲೂ ಜೋಡಣೆಯಿಲ್ಲ. ಕಡೆದವನು ಕೈಗೊಡಲಿಯಲ್ಲೇ ಬಹುಪಾಲು ಮುಗಿಸಿದ್ದಾನೆ ಎಂಬುದು ಹಿಂಬದಿಯ ಕಚ್ಚುಗಳಲ್ಲಿ ಕಾಣುತ್ತಿತ್ತು. ಕಸುಬುದಾರ ಎಂದು ನನ್ನ ಮನಸ್ಸು ಒಪ್ಪಿಕೊಂಡಿತು. ಮೈತುಂಬ ಜಿಡ್ಡು ಹಿಡಿದು ಕಪ್ಪಾಗಿತ್ತು. ಮುಖದ ಮೇಲೆ, ಹಣೆಯಲ್ಲಿ, ಹೊಟ್ಟೆಯಲ್ಲಿ ಒಂದಷ್ಟು ಗೀರುಗಳಿದ್ದವು.

ಸಂಜೆ ಅವಳು ಬಂದಾಗ ನಾನೇ ಮೆಟ್ಟಿಲ ಬಳಿ ನಿಂತು ವಿಷಯ ಹೇಳಿದೆ. ಓಡಿ ಮೇಲೆ ಹೋದಳು. ನಾನು ಹೋಗುವಷ್ಟರಲ್ಲಿ ಬೊಂಬೆಯನ್ನು ಮಡಿಲಲ್ಲಿಟ್ಟುಕೊಂಡು, ಮುರಿದ ಕೈಯನ್ನು ಅದರ ಜಾಗದಲ್ಲಿ ಹಿಡಿದು ಕೂತಿದ್ದಳು.

"ಸಾರಿ ಕಣಮ್ಮ. ಈ ಡಾಲ್‌ನ ನಾನೇ ರೆಡಿ ಮಾಡ್ಕೊಡ್ತೀನಿ. ಮರದ್ದು ನನ್ನ ಕೆಲ್ಸಾನೇ" ಎಂದೆ.

"ಡಾಲ್ ಅಲ್ಲ ಅಂಕಲ್" ಎಂದಳು. "ನಾವು ಚೋಕ್ವೆ ಜನ. ಇವ್ರು ನಮ್ ಅಜ್ಜಿಯ ಅಜ್ಜಿ."

ಎರಡು ದಿನ ಯೋಚಿಸಿ, ಮೂರನೆಯ ದಿನ ಬೆಳಿಗ್ಗೆ ಒಂದು ಹೂವಿನ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟಳು. "ಕೈ ಮಾತ್ರ, ಅಂಕಲ್. ಓನ್ಲಿ ಕೈ" ಎಂದಳು. ನಾನು ತಲೆಯಾಡಿಸಿದೆ. ಆ ಮಾತು ನನ್ನ ಕಿವಿಗೆ ಬಿತ್ತು. ಕೇಳಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಕೈ ಕೂಡಿಸುವುದು ನನಗೆ ದೊಡ್ಡ ಕೆಲಸವಲ್ಲ. ಒಳಗೆ ಬಿದಿರಿನ ಮೊಳೆ ಕೊಟ್ಟು, ಗೋಂದು ಹಾಕಿ, ಕ್ಲಾಂಪಿನಲ್ಲಿ ಬಿಗಿದು ಒಂದು ರಾತ್ರಿ ಬಿಟ್ಟೆ. ಮಾರನೆಯ ದಿನ ಬಿಚ್ಚಿ ನೋಡಿದರೆ ಸಂದು ಹುಡುಕಬೇಕು, ಅಷ್ಟು ಚೆನ್ನಾಗಿ ಕೂತಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಬಿದ್ದು ಮುರಿದಿದೆ, ಅವಳು ನನ್ನ ತಾಯಿಗೆ ಇಷ್ಟು ಮಾಡಿದ್ದಾಳೆ, ಬರೀ ಕೈ ಅಂಟಿಸಿ ಕೊಟ್ಟರೆ ಏನು ಚೆಂದ ಅನ್ನಿಸಿತು. ಹೊಸದರ ಹಾಗೆ ಮಾಡಿಕೊಡೋಣ, ಬಿಚ್ಚಿ ನೋಡಿದಾಗ ಬೆರಗಾಗಲಿ. ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಕೆಲಸವೂ ಕಡಿಮೆಯಿತ್ತು.

ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿದೆ. ಕಪ್ಪು ಜಿಡ್ಡು ಪದರ ಪದರವಾಗಿ ಬಿಟ್ಟುಕೊಂಡಿತು. ಒಳಗೆ ಹಳದಿ ಮಿಶ್ರಿತ ಕಂದು ಬಣ್ಣದ ಒಳ್ಳೆಯ ಮರ, ನೇರವಾದ ಎಳೆ. ನನಗೆ ಬಹಳ ಸಂತೋಷವಾಯಿತು. ಹಣೆಯಲ್ಲಿ ಕೂಡಿಸು ಗುರುತಿನ ಹಾಗೆ ಆಳವಾದ ಗೀರಿತ್ತು, ಕಣ್ಣಿನ ಕೆಳಗೆ ಎರಡೂ ಕಡೆ ಮೂರು ಮೂರು. ಯಾರೋ ಮಕ್ಕಳು ಚಾಕುವಿನಿಂದ ಕೆರೆದಿರಬೇಕು ಎಂದುಕೊಂಡೆ. ಎಷ್ಟು ಒಪ್ಪವಾಗಿವೆ, ಎರಡೂ ಕಡೆ ಯಾಕೆ ಒಂದೇ ಲೆಕ್ಕ ಎಂದು ಒಂದು ಕ್ಷಣವೂ ಹೊಳೆಯಲಿಲ್ಲ. ಆಳವಿದ್ದ ಎಲ್ಲದಕ್ಕೂ ಲಪ್ಪ ತುಂಬಿದೆ. ಎಡಗೆನ್ನೆಯ ಗೀರುಗಳು ಆಳವಿರಲಿಲ್ಲ, ಅವನ್ನು ಸ್ಯಾಂಡ್ ಪೇಪರಿನಲ್ಲೇ ಉಜ್ಜಿ ತೆಗೆದೆ. ಆಮೇಲೆ ಸೀಲರು, ಮೇಲೆ ಎರಡು ಕೈ ಪಾಲೀಶು. ಕಣ್ಣು ಮುಚ್ಚಿ ಮುಖದ ಮೇಲೆ ಬೆರಳಾಡಿಸಿದೆ. ಎಲ್ಲೂ ತಡೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅವಳನ್ನು ಕೆಳಗೇ ಕರೆದೆವು. ನನ್ನ ಹೆಂಡತಿ ಕಾಫಿ ಮಾಡುತ್ತಿದ್ದಳು, ಅಮ್ಮ ಸೋಫಾದಲ್ಲಿದ್ದರು. ಬಟ್ಟೆ ಬಿಚ್ಚುವಾಗ ಅವಳ ಮುಖದಲ್ಲಿ ನಗುವಿತ್ತು. ಬಿಚ್ಚಿದ ಮೇಲೆ ಆ ನಗು ಹಾಗೇ ಸ್ವಲ್ಪ ಹೊತ್ತು ಉಳಿದಿತ್ತು, ಏನು ನೋಡುತ್ತಿದ್ದೇನೆ ಎಂದು ಗೊತ್ತಾಗದವರ ಮುಖದಲ್ಲಿ ಉಳಿಯುವ ಹಾಗೆ. ಬೊಂಬೆಯನ್ನು ಮೂಗಿನ ಹತ್ತಿರ ತಂದು ವಾಸನೆ ನೋಡಿದಳು. ಆಮೇಲೆ ಹಣೆಯ ಮೇಲೆ ಹೆಬ್ಬೆರಳಾಡಿಸಿದಳು, ಎಡಗಡೆ, ಬಲಗಡೆ, ಮತ್ತೆ ಎಡಗಡೆ.

"ಅಂಕಲ್," ಎಂದಳು ಬಹಳ ಮೆಲ್ಲಗೆ, "ಇವ್ರ ಮುಖ ಎಲ್ಲಿ?"

"ಇದೆಯಲ್ಲಮ್ಮ, ಕ್ಲೀನ್ ಮಾಡಿದೀನಿ. ಗೀರೆಲ್ಲ ಮುಚ್ಚಿದೀನಿ ನೋಡು" ಎಂದೆ. ಹೇಳುತ್ತ ಹೇಳುತ್ತಲೇ ನನ್ನ ದನಿ ಇಳಿಯಿತು.

ಅವಳು ಬೈಯಲಿಲ್ಲ. "ಥ್ಯಾಂಕ್ಯೂ ಅಂಕಲ್, ಕೈ ಚೆನ್ನಾಗಿದೆ" ಎಂದು ಹೇಳಿ, ಬಟ್ಟೆಯನ್ನು ಮೊದಲಿನಂತೆಯೇ ಸುತ್ತಿ, ಮೇಲೆ ಹೋದಳು. ಕಾಫಿ ಲೋಟ ಹಿಡಿದುಕೊಂಡು ಬಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. ಮೇಲಿಂದ ಅಳು ಕೇಳಿಸಿತು. ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುವ ಸದ್ದು.

ಅಮ್ಮನಿಗೆ ಕಿವಿ ಅಷ್ಟಾಗಿ ಕೇಳಿಸದು. "ಯಾಕೆ ಹಂಗ್ ಎದ್ದೋದ್ಳು?" ಎಂದು ಕೇಳಿದರು. ನಾನು ನಡೆದದ್ದನ್ನು ಜೋರಾಗಿ ಹೇಳಿದೆ. ಗೀರುಗಳು ಎಲ್ಲೆಲ್ಲಿದ್ದವು ಎಂದು ನನ್ನ ಮುಖದ ಮೇಲೇ ಬೆರಳಿಟ್ಟು ತೋರಿಸಿದೆ. ಅಮ್ಮ ಕೇಳುತ್ತ ಕೇಳುತ್ತ ತಮ್ಮ ಹಣೆಯನ್ನು ಮುಟ್ಟಿಕೊಂಡರು. ಅಲ್ಲಿ ಹಸಿರು ಹಚ್ಚೆಯ ಒಂದು ಗೆರೆ, ಅದರ ಕೆಳಗೆ ಚುಕ್ಕಿ. ಗಲ್ಲದ ಮೇಲೊಂದು ಚುಕ್ಕಿ. ಮದುವೆಗೆ ಮುಂಚೆ ಕೊರವಂಜಿ ಬಂದು, ಇಬ್ಬರು ಹಿಡಿದುಕೊಂಡು ಹಾಕಿಸಿದ್ದಂತೆ. ಹುಟ್ಟಿದಾಗಿಂದ ನೋಡಿದ್ದೇನೆ. ನೋಡಿ ನೋಡಿ ಅದು ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

"ಅಯ್ಯೋ ಮಂಕೇ," ಎಂದರು ಅಮ್ಮ. "ಅದು ಅವ್ಳ ಹಚ್ಚೆ ಕಣೋ. ನೀನು ಒಬ್ಳು ಮುತ್ತೈದೆ ಹಚ್ಚೆ ಅಳಿಸ್ಬಿಟ್ಟಿದೀಯ."

ಮೂರು ದಿನ ನಾನು ಮೆಟ್ಟಿಲು ಹತ್ತಲಿಲ್ಲ. ಅವಳು ಕಾಲೇಜಿಗೆ ಹೋಗುವ ಹೊತ್ತು ನೋಡಿಕೊಂಡು, ಅದಕ್ಕೆ ಮುಂಚೆಯೇ ಅಂಗಡಿಗೆ ಹೊರಡುತ್ತಿದ್ದೆ. ಹೆಂಡತಿ, "ತಪ್ಪು ಮಾಡಿದ್ದು ನೀವು. ಅವ್ಳಾಗೇ ಬಂದು ಪರ್ವಾಗಿಲ್ಲ ಅನ್ಲಿ ಅಂತ ಕಾಯ್ತಿದೀರಾ?" ಎಂದಳು. ನಿಜ, ಅದನ್ನೇ ಕಾಯುತ್ತಿದ್ದೆ. ನಾಲ್ಕನೆಯ ದಿನ ಅವಳು ಎಂದಿನಂತೆ ಬಿ.ಪಿ. ನೋಡಲು ಕೆಳಗಿಳಿದು ಬಂದಳು, ಅಮ್ಮನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ನಂಬರ್ ಬರೆದುಕೊಂಡಳು. ನನ್ನ ಕಡೆ ನೋಡಿ ನಮಸ್ಕಾರ ಅಂದಳು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಅವಳ ಹಿಂದೆಯೇ ಮೇಲೆ ಹೋದೆ.

"ನಂಗೆ ಗೊತ್ತಾಗ್ಲಿಲ್ಲ ಕಣಮ್ಮ. ನೀನು ಕೈ ಮಾತ್ರ ಅಂದಿದ್ದೆ. ನಾನು ಕೇಳ್ಲಿಲ್ಲ. ತಪ್ಪಾಯ್ತು" ಎಂದೆ.

ಅವಳು ಕುರ್ಚಿ ಎಳೆದು ಕೂರಲು ಹೇಳಿದಳು. ಬೊಂಬೆ ಶೆಲ್ಫಿನಲ್ಲಿರಲಿಲ್ಲ, ಮಂಚದ ಮೇಲೆ ಅದೇ ಬಟ್ಟೆಯಲ್ಲಿ ಮಲಗಿತ್ತು. ಆಗ ಅವಳು ಅದರ ಕಥೆ ಹೇಳಿದಳು, ಕನ್ನಡ ಇಂಗ್ಲಿಷು ಕೂಡಿಸಿ, ತಡವರಿಸುತ್ತ. ಅವರ ದೇಶದಲ್ಲಿ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಅವಳ ಅಜ್ಜಿ ಊರು ಬಿಟ್ಟು ಓಡಬೇಕಾಯಿತು. ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದ ಬಟ್ಟೆಯೊಳಗೇ ಇದನ್ನೂ ಸೇರಿಸಿ ಕಟ್ಟಿಕೊಂಡಳು. ಪಾತ್ರೆ, ಬಟ್ಟೆ, ಕಾಳು ಎಲ್ಲ ದಾರಿಯಲ್ಲಿ ಒಂದೊಂದಾಗಿ ಬಿಟ್ಟರಂತೆ, ಇದೊಂದನ್ನು ಬಿಡಲಿಲ್ಲ. ಆಮೇಲೆ ಊರೂರು ಸುತ್ತಿ ನೆಲೆ ನಿಂತ ಮೇಲೆ, ಅಜ್ಜಿ ದಿನಾ ಸಂಜೆ ಅಂಗೈಗೆ ಎಣ್ಣೆ ಹಾಕಿಕೊಂಡು ಇದರ ಮೈಗೆ ಸವರುತ್ತ ಮನೆಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಯಾರಿಗೆ ಜ್ವರ, ಯಾರು ಬಸುರಿ, ಯಾರು ಪಾಸಾದರು. ಇವಳನ್ನು ಸಾಕಿದ್ದು ಆ ಅಜ್ಜಿ. ಅಜ್ಜಿ ಹೋದ ಮೇಲೆ ದೊಡ್ಡಮ್ಮನ ಪಾಲಿಗೆ ಬಂದ ಬೊಂಬೆಯನ್ನು, ದೂರದ ಊರಿಗೆ ಒಬ್ಬಳೇ ಹೋಗುತ್ತೀಯ ಎಂದು ದೊಡ್ಡಮ್ಮ ಇವಳ ಜೊತೆ ಮಾಡಿ ಕಳಿಸಿದ್ದಳು.

"ಆ ಬ್ಲ್ಯಾಕ್ ಇತ್ತಲ್ಲ ಅಂಕಲ್, ಅದು ಅಜ್ಜಿ ಕೈ" ಎಂದಳು.

ನಾನು ನನ್ನ ಕೈ ನೋಡಿಕೊಂಡೆ. ಥಿನ್ನರಿನಲ್ಲಿ ಒರೆಸಿದ ಬಟ್ಟೆಯನ್ನು ಅವತ್ತೇ ಕಸದ ಗಾಡಿಗೆ ಹಾಕಿದ್ದೆ. ಅದನ್ನು ಮಾತ್ರ ನನ್ನಿಂದ ವಾಪಸ್ ಕೊಡಲಾಗುವುದಿಲ್ಲ ಎಂದು ಹೇಳಿದೆ. ಆದರೆ ಲಪ್ಪವನ್ನು ಸೂಜಿಯಿಂದ ಕಿತ್ತು ತೆಗೆಯಬಹುದು, ಪಾಲೀಶು ಇಳಿಸಬಹುದು. ಎಡಗೆನ್ನೆಯ ಮೂರು ಗೆರೆ ಮಾತ್ರ ಹೋಗೇಬಿಟ್ಟಿವೆ, ಅವನ್ನು ಹೊಸದಾಗಿ ಕೊರೆಯಬೇಕು. ಮಾಡಲೇ ಬೇಡವೇ, ನೀನೇ ಹೇಳು ಎಂದೆ.

"ಮುಚ್ಚಿದ್ದು ತೆಗೀರಿ ಅಂಕಲ್. ಹೊಸದಾಗಿ ಕೊರೆಯೋದು ನಾನು ಹೇಳೋಕಾಗಲ್ಲ. ದೊಡ್ಡಮ್ಮನ್ನ ಕೇಳ್ಬೇಕು" ಎಂದಳು. ಈವರೆಗೆ ಅವರಿಗೆ ವಿಷಯವನ್ನೇ ತಿಳಿಸಿರಲಿಲ್ಲವಂತೆ. ಹೇಳಲು ಅವಳಿಗೂ ಧೈರ್ಯ ಬಂದಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಹಾಲಿನಲ್ಲೇ ವಿಡಿಯೊ ಕಾಲ್ ಮಾಡಿದಳು. ಅಲ್ಲಿ ಇನ್ನೂ ಬೆಳಗಿನ ಹೊತ್ತು. ಎಪ್ಪತ್ತರ ಆಸುಪಾಸಿನ ದೊಡ್ಡಮ್ಮ, ತಲೆಗೆ ಬಟ್ಟೆ ಕಟ್ಟಿಕೊಂಡು, ಒಂದು ಅಂಗಳದಲ್ಲಿ ಕೂತಿದ್ದರು. ಇವಳು ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ನಡುವೆ ಒಮ್ಮೆ ನನ್ನ ಕಡೆ ಕೈ ತೋರಿಸಿದಳು.

ಕೊನೆಗೆ ದೊಡ್ಡಮ್ಮ ಒಂದು ಮಾತು ಆಡಿದರು. ಇವಳು ನನಗೆ ಹೇಳಿದಳು: "ನಿಮ್ ಕೈ ತೋರ್ಸಿ ಅಂತಿದಾರೆ."

ಫೋನಿನ ಮುಂದೆ ಎರಡು ಕೈಯನ್ನೂ ಹಿಡಿದೆ. ಎಡಗೈಯ ತೋರುಬೆರಳಿನ ತುದಿ ಗರಗಸದ ಮಿಷನ್ನಿಗೆ ಹೋಗಿ ಇಪ್ಪತ್ತು ವರ್ಷವಾಗಿದೆ. ಅದನ್ನು ನೋಡಿದ್ದೇ ಮುದುಕಿ ಬಾಯ್ತುಂಬ ನಕ್ಕುಬಿಟ್ಟರು. ಇವಳಿಗೂ ನಗು ಬಂತು, ಎಂಟು ದಿನದಲ್ಲಿ ಮೊದಲ ಸಲ. ಅವರ ಊರಿನಲ್ಲಿ ಮರ ಕಡೆಯುತ್ತಿದ್ದ ಮುದುಕನಿಗೂ ಒಂದು ಬೆರಳು ಗಿಡ್ಡವಿತ್ತಂತೆ.

"ಮಾಡ್ಲಿ ಅಂದ್ರು ಅಂಕಲ್. ಅವ್ರು ಮುಂದೆ ಕೂತು ಹೇಳ್ತಾರಂತೆ."

ಅಂಗಡಿಯಿಂದ ಉಳಿಗಳನ್ನು, ಒಂದು ಸಣ್ಣ ಚಾಕುವನ್ನು ಮೊದಲೇ ತಂದಿಟ್ಟಿದ್ದೆ. ಹಣೆಯ ಲಪ್ಪ, ಬಲಗೆನ್ನೆಯದು, ಹೊಟ್ಟೆಯದು, ಎಲ್ಲವನ್ನೂ ಆ ವಾರವೇ ಅವಳನ್ನು ಎದುರು ಕೂರಿಸಿಕೊಂಡು ಸೂಜಿಯಿಂದ ಬಿಡಿಸಿದ್ದೆ. ಒಂದೊಂದು ಗೆರೆ ತೆರೆದುಕೊಂಡಾಗಲೂ ಅವಳು ಉಸಿರು ಬಿಡುತ್ತಿದ್ದಳು. ಈಗ ಉಳಿದದ್ದು ಎಡಗೆನ್ನೆ. ಬಲಗಡೆಯ ಮೂರು ಗೆರೆಗಳ ಅಳತೆಯನ್ನು ಟ್ರೇಸಿಂಗ್ ಪೇಪರಿನಲ್ಲಿ ತೆಗೆದು, ಅದನ್ನೇ ಮಗುಚಿ ಎಡಗಡೆ ಇಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿದೆ. ನಮ್ಮ ಕಸುಬಿನಲ್ಲಿ ಹಾಗೆಯೇ ಮಾಡುವುದು. ಫೋನಿನಲ್ಲಿ ತೋರಿಸಿದಾಗ ದೊಡ್ಡಮ್ಮ ಕೈಯಾಡಿಸಿ ಬೇಡ ಎಂದರು.

"ಎರಡೂ ಕಡೆ ಒಂದೇ ಥರ ಇರ್ಲಿಲ್ಲ ಅಂತಿದಾರೆ. ಎಡಗಡೆ ಮಧ್ಯದ್ದು ಉದ್ದ. ಮೂಗಿನ ಹತ್ರದ್ದು ಸ್ವಲ್ಪ ಬಗ್ಗಿತ್ತು."

"ಅಷ್ಟು ಹೇಗೆ ಜ್ಞಾಪಕ ಇದೆ ಕೇಳು" ಎಂದೆ.

ಅವಳು ಕೇಳಿದಳು. ಮುದುಕಿ ತಮ್ಮ ತೋರುಬೆರಳನ್ನು ಗಾಳಿಯಲ್ಲಿ ಮೂರು ಸಲ ಕೆಳಗೆ ಎಳೆದರು. ಚಿಕ್ಕವರಿದ್ದಾಗ ನಿದ್ದೆ ಬರುವವರೆಗೂ ಬೊಂಬೆಯ ಕೆನ್ನೆಯ ಮೇಲೆ ಬೆರಳಾಡಿಸುತ್ತಿದ್ದರಂತೆ. ಓಡಿಹೋದ ದಾರಿಯಲ್ಲಿ ತಾಯಿಯ ಪಕ್ಕ ನಡೆದವರೂ ಅವರೇ. ಅದು ಕಣ್ಣೀರಿನ ಗುರುತು ಎಂದು ಇವಳು ಅವರ ಮಾತನ್ನು ನನಗೆ ಹೇಳಿದಳು. ಆಮೇಲೆ ದೊಡ್ಡಮ್ಮ ಫೋನನ್ನು ತಮ್ಮ ಮುಖಕ್ಕೆ ಹತ್ತಿರ ಹಿಡಿದರು. ಅವರ ಕಣ್ಣಿನ ಕೆಳಗೂ ಗೆರೆಗಳಿದ್ದವು, ಸುಕ್ಕಿನ ಜೊತೆ ಬೆರೆತು ಮಾಸಿದ್ದವು. ಸೋಫಾದಲ್ಲಿದ್ದ ಅಮ್ಮ, "ಎಲ್ಲಿ, ನಂಗೂ ತೋರ್ಸು" ಎಂದರು. ಇವಳು ಫೋನ್ ಅತ್ತ ತಿರುಗಿಸಿದಳು. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿದರು. ಅಮ್ಮ ತಮ್ಮ ಹಣೆಯ ಹಚ್ಚೆಯ ಮೇಲೆ ಬೆರಳಿಟ್ಟು ತೋರಿಸಿ, "ಬಾಳ ನೋವಾಯ್ತಾ ತಾಯಿ ಹಾಕಿಸ್ಕೋವಾಗ?" ಎಂದು ಅಚ್ಚ ಕನ್ನಡದಲ್ಲಿ ಕೇಳಿದರು. ಇವಳು ಅದನ್ನು ಅವರ ಭಾಷೆಗೆ ತಿರುಗಿಸುವ ಮೊದಲೇ ಅತ್ತಲಿಂದ ದೊಡ್ಡದೊಂದು ಉತ್ತರ ಬಂತು. ಏನೆಂದರು ಎಂದು ಕೇಳಿದರೆ, "ಅಯ್ಯೋ, ನನ್ನನ್ನ ಮೂರು ಜನ ಹಿಡ್ಕೊಂಡಿದ್ರು ಅಂತಿದಾರೆ" ಎಂದಳು. ನಿಜಕ್ಕೂ ಹಾಗೆ ಹೇಳಿದರೋ, ಇವಳು ಅಮ್ಮನಿಗಾಗಿ ಸೇರಿಸಿದಳೋ ಗೊತ್ತಿಲ್ಲ. ಅಮ್ಮನಿಗೆ ಮಾತ್ರ ಬಹಳ ಸಮಾಧಾನವಾಯಿತು.

ಮೂರು ಗೆರೆ ಕೊರೆಯಲು ಒಂದು ಗಂಟೆ ಹಿಡಿಯಿತು. ಪೆನ್ಸಿಲ್ ಗುರುತು ಅಳಿಸಿ, ಅವರು ಹೇಳಿದ ಹಾಗೆ ಒಂದೊಂದು ಎಳೆ ಚಾಕು ಆಡಿಸಿದೆ, ನಿಲ್ಲಿಸಿ ತೋರಿಸಿದೆ, ಮತ್ತೆ ಆಡಿಸಿದೆ. ಮುಗಿದಾಗ ದೊಡ್ಡಮ್ಮ ತುಂಬ ಹೊತ್ತು ನೋಡಿ, ತಲೆಯಾಡಿಸಿ, ಏನೋ ಹೇಳಿದರು. "ಚೆನ್ನಾಗಿದೆಯಂತೆ. ಆದ್ರೆ ತುಂಬಾ ನೀಟಾಗಿದೆಯಂತೆ" ಎಂದಳು ಇವಳು. ಎಲ್ಲರೂ ನಕ್ಕರು. ನನಗೂ ಗೊತ್ತಿತ್ತು, ಆ ಮೂರು ಗೆರೆ ಬಲಗಡೆಯವಕ್ಕೆ ಸಮನಲ್ಲ. ಅವು ಬಲ್ಲವನ ಕೈಯವು, ಇವು ಕೇಳಿ ಬರೆದುಕೊಂಡವನವು.

ಪಾಲೀಶು ಇಳಿಸಿದ ಮೇಲೆ ಬೊಂಬೆ ಬಿಳಿಚಿಕೊಂಡು ಕಾಣುತ್ತಿತ್ತು, ಜ್ವರ ಬಿದ್ದು ಎದ್ದವಳ ಹಾಗೆ. ಎಣ್ಣೆ ಸವರಬೇಕು ಎಂದು ದೊಡ್ಡಮ್ಮ ಹೇಳಿದ್ದರು. ಅವರ ಊರಿನ ಕೆಂಪು ತಾಳೆ ಎಣ್ಣೆ ನಾನು ವಿಜಯನಗರ, ರಾಜಾಜಿನಗರ ಎಲ್ಲ ತಿರುಗಿದರೂ ಸಿಗಲಿಲ್ಲ. ಅಮ್ಮ ತಮ್ಮ ತಲೆಗೆ ಹಚ್ಚುವ ಹರಳೆಣ್ಣೆ ಬಾಟಲಿಯನ್ನು ಎತ್ತಿ ಕೊಟ್ಟು, "ಮರಕ್ಕೆ ಇದಕ್ಕಿಂತ ಇನ್ನೇನ್ ಬೇಕು" ಎಂದರು. ಆವತ್ತಿಂದ ಸಂಜೆ ಕಾಲೇಜಿನಿಂದ ಬಂದವಳು ಕೈಕಾಲು ತೊಳೆದು, ಬೊಂಬೆಯನ್ನು ಕೆಳಗೆ ತಂದು ಅಮ್ಮನ ಪಕ್ಕ ಕೂರುತ್ತಿದ್ದಳು. ಅವಳು ಸವರುತ್ತ ತನ್ನ ಭಾಷೆಯಲ್ಲಿ ಏನೋ ಹೇಳುವಳು. ಒಮ್ಮೊಮ್ಮೆ ಅವಳಿಗೆ ಓದುವುದಿದ್ದರೆ ಅಮ್ಮನೇ ಮಡಿಲಲ್ಲಿಟ್ಟುಕೊಂಡು ಸವರುತ್ತಿದ್ದರು. ನನ್ನ ಬಗ್ಗೆ ದೂರು, ಸೊಸೆಯ ಸಾರಿನಲ್ಲಿ ಹುಳಿ ಜಾಸ್ತಿ, ನೀರಿನ ಟ್ಯಾಂಕರ್ ಬರಲಿಲ್ಲ, ಇದನ್ನೆಲ್ಲ ಆ ತಾಯಿಗೆ ಕನ್ನಡದಲ್ಲಿ ಒಪ್ಪಿಸುತ್ತಿದ್ದರು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಎಲ್ಲಾ ಕೇಳಿಸ್ತಾ ಇದೆ ಅತ್ತೆ" ಎನ್ನುತ್ತಿದ್ದಳು.

ಹಳೆಯ ಕಪ್ಪು ಬರಲಿಲ್ಲ. ಹತ್ತು ತಿಂಗಳಲ್ಲಿ ಬಂದದ್ದು ಬೆಲ್ಲದ ಬಣ್ಣ. ಅದೂ ಒಂದೇ ಸಮ ಇರಲಿಲ್ಲ. ಕೆಲವು ಸಲ ಎಣ್ಣೆ ಸವರುವಾಗ ಅವಳು ಸುಮ್ಮನೆ ನಿಲ್ಲಿಸಿ, ಬೊಂಬೆಯ ಬೆನ್ನನ್ನು ಮೂಸಿ ನೋಡುತ್ತಿದ್ದುದನ್ನು ಕಂಡಿದ್ದೇನೆ. ಆಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಈ ವರ್ಷ ಓದು ಮುಗಿಯಿತು. ಹೊರಡುವ ದಿನ ಬೆಳಿಗ್ಗೆ ನನ್ನ ಹೆಂಡತಿ ಅವಳಿಗೆ ಅರಿಸಿನ ಕುಂಕುಮ ಕೊಟ್ಟು ಮಡಿಲಿಗೆ ಸೀರೆ, ತೆಂಗಿನಕಾಯಿ ಹಾಕಿದಳು. ಅಮ್ಮ ಬೊಂಬೆಗೂ ಕೊಡಬೇಕೆಂದು ಹಟ ಹಿಡಿದು, ಒಂದು ರವಿಕೆ ಕಣವನ್ನು ಆ ಹೂವಿನ ಬಟ್ಟೆಯ ಒಳಗೆ ಸುತ್ತಿಸಿದರು. ಸೂಟ್‌ಕೇಸಿಗೆ ಹಾಕಲು ಅವಳು ಒಪ್ಪಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಟ್ಯಾಕ್ಸಿ ಹತ್ತಿದಳು. ಹತ್ತುವ ಮುಂಚೆ ನನ್ನ ಹತ್ತಿರ ಬಂದು, "ಅಂಕಲ್, ಅಲ್ಲಿ ಮಕ್ಕಳು ಕೇಳ್ತಾರೆ, ಇವ್ರು ಯಾಕೆ ಬ್ರೌನ್ ಆದ್ರು ಅಂತ. ಏನ್ ಹೇಳ್ಲಿ?" ಎಂದಳು.

"ನಡೆದಿದ್ದು ಹೇಳಮ್ಮ. ಒಬ್ಬ ಕೇಳ್ದೇ ಉಜ್ಬಿಟ್ಟ ಅಂತ ಹೇಳು" ಎಂದೆ.

"ಹೇಳ್ತೀನಿ. ಒಬ್ರು ಅಜ್ಜಿ ಎಣ್ಣೆ ಹಚ್ಚಿದ್ರು ಅಂತಾನೂ ಹೇಳ್ತೀನಿ" ಎಂದು ನನ್ನ ಕೈ ಹಿಡಿದು ಒತ್ತಿದಳು.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ, "ಆಯಮ್ಮ ಊರು ಸೇರಿದ್ಳಂತಾ?" ಎಂದು ಕೇಳಿದರು. ಸೇರಿದಳಂತೆ, ಮೆಸೇಜು ಬಂದಿದೆ, ಕೆಲಸಕ್ಕೂ ಹೋಗುತ್ತಿದ್ದಾಳಂತೆ ಎಂದೆ.

"ಅವ್ಳಲ್ಲ ಕಣೋ. ನಾನು ಎಣ್ಣೆ ಹಚ್ತಿದ್ನಲ್ಲ, ಆ ತಾಯಿ. ಯಾರ್ಯಾರು ಬಂದಿದ್ರಂತೆ ಕರ್ಕೊಳ್ಳೋಕೆ?"

ನನಗೆ ಗೊತ್ತಿರಲಿಲ್ಲ. ಫೋನ್ ತೆಗೆದು ಅಮ್ಮನ ಪ್ರಶ್ನೆಯನ್ನೇ ಹಾಗೇ ಮಾತಾಡಿ ಕಳಿಸಿದೆ. ಉತ್ತರ ಸಂಜೆ ಬಂತು, ಕನ್ನಡದಲ್ಲೇ, ಅವಳ ದನಿಯಲ್ಲಿ. ಅಮ್ಮನಿಗೆ ಕೇಳಿಸುವಂತೆ ಸೌಂಡು ಜಾಸ್ತಿ ಮಾಡಿ ಕಿವಿಯ ಹತ್ತಿರ ಹಿಡಿದೆ. ದೊಡ್ಡಮ್ಮ ಬಂದಿದ್ದರಂತೆ, ಅವರ ಇಬ್ಬರು ಹೆಣ್ಣುಮಕ್ಕಳು, ಎದುರು ಮನೆಯವರು, ಐದು ಜನ ಮಕ್ಕಳು. ಬೊಂಬೆಯನ್ನು ಎಲ್ಲರಿಗಿಂತ ಮೊದಲು ದೊಡ್ಡಮ್ಮ ಎತ್ತಿಕೊಂಡರಂತೆ.

"ಮುಖ ನೋಡಿ ಏನಂದ್ರಂತೆ?" ಎಂದರು ಅಮ್ಮ.

ಅದನ್ನೂ ಕೇಳಿ ಕಳಿಸಿದೆ.